ಹೊಸ ವರ್ಷಕ್ಕೆ ದೊಡ್ಡ ಸಂಕಲ್ಪ ಬೇಡ, ಹತ್ತು ನಿಮಿಷ ಬಿಡುವು ಸಾಕು ಅನ್ನಿಸುತ್ತಿದೆ. ನೀವೇನಂತೀರಿ?

ಕಿಟಕಿ ಸೀಟು:

ಡಿಸೆಂಬರ್ ಕೊನೆಯ ವಾರ ಬಂತು ಅಂದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. "ಈ ವರ್ಷ ಏನು ರೆಸಲ್ಯೂಷನ್?" ತೂಕ ಇಳಿಸುವುದು, ಬೆಳಿಗ್ಗೆ ಐದಕ್ಕೆ ಏಳುವುದು, ವಾರಕ್ಕೊಂದು ಪುಸ್ತಕ ಮುಗಿಸುವುದು. ಅವೆಲ್ಲ ಇದ್ದದ್ದೇ. ಇತ್ತೀಚೆಗೆ ಈ ಪಟ್ಟಿಗೆ ಇನ್ನೊಂದು ಸೇರಿಕೊಂಡಿದೆ: "ಈ ವರ್ಷ ಎಲ್ಲರ ಜೊತೆ ಪ್ರೀತಿಯಿಂದ ಇರಬೇಕು, ಕೈಲಾದಷ್ಟು ಒಳ್ಳೆಯದು ಮಾಡಬೇಕು." ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಜನವರಿ 2ರ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ, ಅಲ್ವಾ?

ನನಗೆ ಈ ವಿಷಯದಲ್ಲಿ ತಲೆಯಲ್ಲಿ ಕೂತಿರುವುದು ಒಂದು ಹಳೆಯ ಪ್ರಯೋಗ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಮಾಡಿದ್ದು, 1973ರಲ್ಲಿ ಪ್ರಕಟವಾಯಿತು. ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಕರೆದು, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಿ ಅಂದರು. ಕೆಲವರಿಗೆ ಕೊಟ್ಟ ವಿಷಯವೇ ದಾರಿಯಲ್ಲಿ ಬಿದ್ದಿದ್ದ ಅಪರಿಚಿತನಿಗೆ ನೆರವಾದ, ಬೈಬಲಿನ ಒಳ್ಳೆಯ ಸಮಾರ್ಯದವನ ಕತೆ. ಹೋಗುವ ಓಣಿಯಲ್ಲಿ ಒಬ್ಬ ಮನುಷ್ಯನನ್ನು ಮೊದಲೇ ಕೂರಿಸಿದ್ದರು. ತಲೆ ಬಗ್ಗಿಸಿಕೊಂಡು, ಕೆಮ್ಮುತ್ತಾ, ನರಳುತ್ತಾ ಕೂತಿದ್ದ. ನಿಂತು ವಿಚಾರಿಸಿದವರು ಎಷ್ಟು ಜನ? ಆರಾಮಾಗಿ ಹೋಗಿ ಅಂತ ಕಳಿಸಿದವರಲ್ಲಿ ನೂರಕ್ಕೆ 63. ಹೊತ್ತಿಗೆ ಸರಿಯಾಗಿ ಹೊರಟವರಲ್ಲಿ 45. "ಆಗಲೇ ತಡವಾಯಿತು, ಬೇಗ ಹೋಗಿ" ಅಂತ ಕಳಿಸಿದವರಲ್ಲಿ ಬರೀ 10. ಯಾವ ವಿಷಯದ ಮೇಲೆ ಮಾತಾಡಲು ಹೊರಟಿದ್ದರು ಅನ್ನುವುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ.

ನಿಲ್ಲದೆ ಹೋದವರು ಕೆಟ್ಟವರಲ್ಲ. ಗಡಿಯಾರ ನೋಡುತ್ತಿದ್ದರು, ಅಷ್ಟೇ.

ಹಾಗಾಗಿ ಈ ವರ್ಷ ನಾನು "ಒಳ್ಳೆಯವಳಾಗುತ್ತೇನೆ" ಅಂತ ಅಂದುಕೊಳ್ಳುವುದಿಲ್ಲ. ಎಲ್ಲಿಗೇ ಹೊರಟರೂ ಹತ್ತು ನಿಮಿಷ ಮೊದಲು ಹೊರಡುತ್ತೇನೆ. ಇಷ್ಟೇ. ಆ ಹತ್ತು ನಿಮಿಷ ಇದ್ದರೆ ಮೆಟ್ಟಿಲ ಮೇಲೆ ಭಾರ ಹೊತ್ತು ನಿಂತವರ ಚೀಲದ ಒಂದು ಹಿಡಿಕೆ ಹಿಡಿಯಬಹುದು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ರಜೆ ಅರ್ಜಿ ಎಲ್ಲಿ ತುಂಬಬೇಕು ಅಂತ ಕೇಳಿದರೆ "ಆಮೇಲೆ ಹೇಳುತ್ತೇನೆ" ಅನ್ನದೆ ಪಕ್ಕದಲ್ಲಿ ಕೂತು ತೋರಿಸಬಹುದು. ಯಾರೂ ಸಿಗದಿದ್ದರೆ ಸುಮ್ನೆ ಕೂತುಕೊಳ್ಳುವುದು. ಅದೂ ಲಾಭವೇ.

ನಿಮ್ಮದೂ ಒಂದು ಹೇಳಿ. ಒಂದೇ ಷರತ್ತು: "ಎಲ್ಲರಿಗೂ", "ಯಾವಾಗಲೂ" ಅನ್ನುವ ಪದ ಬರಬಾರದು. ತೀರಾ ಕೆಟ್ಟ ದಿನದಲ್ಲೂ ಮಾಡಿ ಮುಗಿಸುವಷ್ಟು ಸಣ್ಣದಾಗಿರಬೇಕು.

---

ಇಳಿಜಾರು:

ಒಂದು ತಕರಾರು. ಜನವರಿ 1 ಅನ್ನುವುದೇ ಒಂದು ಕಚೇರಿ ಲೆಕ್ಕ. ರೋಮಿನಲ್ಲಿ ಕ್ರಿ.ಪೂ. 153ರಿಂದ ಕಾನ್ಸುಲ್‌ಗಳು ಅಂದರೆ ದೊಡ್ಡ ಅಧಿಕಾರಿಗಳು ಅಂದು ಅಧಿಕಾರ ವಹಿಸಿಕೊಳ್ಳಲು ಶುರು ಮಾಡಿದರು. ಇಂಗ್ಲೆಂಡಿನಲ್ಲಿ 1752ರ ತನಕ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅಂಥ ಒಂದು ತಾರೀಖಿಗೆ ಇಷ್ಟು ಭಾವನೆ ಯಾಕೆ? ಒಳ್ಳೆಯದು ಮಾಡುವವರು ಜೂನ್ 17ಕ್ಕೂ ಮಾಡುತ್ತಾರೆ. ಮಾಡದವರು ಜನವರಿಯಲ್ಲೂ ಮಾಡುವುದಿಲ್ಲ. ಎಲ್ಲ ಆರಂಭಶೂರತ್ವ.

---

ಲೆಕ್ಕದ ಪುಟ:

ಇಳಿಜಾರು ಅವರೇ, ತಾರೀಖು ಯಾರೋ ಇಟ್ಟದ್ದು ಅನ್ನುವುದು ನಿಜ. ಆದರೂ ಕೆಲಸ ಮಾಡುತ್ತದೆ. ಹೆಂಗ್‌ಚೆನ್ ಡೈ, ಕೇಟಿ ಮಿಲ್ಕ್‌ಮನ್, ಜೇಸನ್ ರೀಸ್ ಅನ್ನುವ ಸಂಶೋಧಕರು 2014ರಲ್ಲಿ ಇದನ್ನೇ ನೋಡಿದರು. ವಾರದ ಶುರು, ತಿಂಗಳ ಶುರು, ವರ್ಷದ ಶುರು ಬಂದಾಗ ಜನ ವ್ಯಾಯಾಮ ಶಾಲೆಗೆ ಹೋಗುವುದು ಜಾಸ್ತಿಯಾಗುತ್ತದೆ, ಗುರಿ ಇಟ್ಟುಕೊಳ್ಳುವುದೂ ಜಾಸ್ತಿಯಾಗುತ್ತದೆ. ಹಳೆಯ ಸೋಲುಗಳೆಲ್ಲ ಹಳೆಯ ಖಾತೆಗೆ ಹೋದವು ಅಂತ ಮನಸ್ಸು ಒಂದು ಗೆರೆ ಎಳೆದುಕೊಳ್ಳುತ್ತದೆ. ಇದರಲ್ಲಿ ನಿಮಗೂ ಒಂದು ಅನುಕೂಲ ಇದೆ. ಜನವರಿ ತಪ್ಪಿದರೆ ಮುಂದಿನ ಸೋಮವಾರವೂ ಅದೇ ಕೆಲಸ ಮಾಡುತ್ತದೆ. ಹನ್ನೆರಡು ತಿಂಗಳು ಕಾಯಬೇಕಿಲ್ಲ.

ಕಿಟಕಿ ಸೀಟು ಮೇಡಂ, ನಿಮ್ಮ ಪ್ರಿನ್ಸ್‌ಟನ್ ಪ್ರಯೋಗ ಇಷ್ಟವಾಯಿತು. ಆದರೆ ಅದರಲ್ಲಿ ಇದ್ದವರು ಒಟ್ಟು 40 ಜನ. ಆ ಶೇಕಡಾವಾರನ್ನು ಬಂಡೆಯ ಮೇಲೆ ಕೆತ್ತಿಸಬೇಡಿ. ಅವಸರದಲ್ಲಿ ಇದ್ದವನಿಗೆ ಅಕ್ಕಪಕ್ಕ ಕಾಣುವುದಿಲ್ಲ ಅನ್ನುವುದಕ್ಕೆ ಮಾತ್ರ ನನ್ನದೂ ಸಹಿ ಇದೆ.

ಇನ್ನೊಂದು ವಿಷಯ, ಸಂಕಲ್ಪ ಬರೆದುಕೊಳ್ಳುವವರಿಗೆ. ಸ್ವೀಡನ್‌ನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2020ರಲ್ಲಿ ಬಂತು. "ಇದನ್ನು ಮಾಡುತ್ತೇನೆ" ಅಂತ ಇಟ್ಟುಕೊಂಡವರಲ್ಲಿ ಶೇ. 58.9 ಜನ ಗೆದ್ದೆವು ಅಂದರು. "ಇದನ್ನು ಬಿಡುತ್ತೇನೆ" ಅಂದವರಲ್ಲಿ ಶೇ. 47.1. ಅಂದರೆ "ಮನೆಯವರ ಮೇಲೆ ರೇಗುವುದಿಲ್ಲ" ಅನ್ನುವುದಕ್ಕಿಂತ "ಮನೆಯೊಳಗೆ ಕಾಲಿಟ್ಟ ಮೇಲೆ ಮೊದಲು ಫೋನ್ ಚೀಲದಲ್ಲಿ ಹಾಕಿ, ಆಮೇಲೆ ಮಾತಾಡುತ್ತೇನೆ" ಅನ್ನುವುದು ವಾಸಿ. ರೇಗದೆ ಇರುವುದನ್ನು ಯಾವ ಹೊತ್ತಿಗೆ ಮಾಡುತ್ತೀರಿ ಹೇಳಿ? ಅದಕ್ಕೆ ಹೊತ್ತೇ ಇಲ್ಲ. ಫೋನ್ ಒಳಗೆ ಹಾಕುವುದಕ್ಕೆ ಹೊತ್ತು ಇದೆ, ಜಾಗ ಇದೆ, ಕೈಗೆ ಕೆಲಸ ಇದೆ.

---

ಬಾಗಿಲು ತೆರೆದಿದೆ:

21 ದಿನ ಬಿಡದೆ ಮಾಡಿದರೆ ಏನು ಬೇಕಾದರೂ ಅಭ್ಯಾಸ ಆಗುತ್ತದಂತೆ. ನಾನು ದಿನಕ್ಕೊಬ್ಬರಿಗೆ ಒಂದು ಒಳ್ಳೆಯ ಮಾತು ಅಂತ ಶುರು ಮಾಡುತ್ತೇನೆ. 21 ದಿನ ಆದ ಮೇಲೆ ಬಂದು ಹೇಳುತ್ತೇನೆ 🙂

---

ಲೆಕ್ಕದ ಪುಟ:

ಮಾಡಿ, ಖಂಡಿತ ಮಾಡಿ. ಆದರೆ 21ನೇ ದಿನ ಅಭ್ಯಾಸ ಆಗಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಆ ಸಂಖ್ಯೆ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಂದ. ಶಸ್ತ್ರಚಿಕಿತ್ಸೆ ಆದವರಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ಒಗ್ಗಲು ಕಡಿಮೆ ಅಂದರೂ 21 ದಿನ ಹಿಡಿಯುತ್ತದೆ ಅಂತ 1960ರಲ್ಲಿ ಬರೆದಿದ್ದರು. "ಕಡಿಮೆ ಅಂದರೂ" ಅನ್ನುವುದು ದಾರಿಯಲ್ಲಿ ಉದುರಿಹೋಯಿತು. ಫಿಲಿಪಾ ಲಾಲಿ ಮತ್ತು ಜೊತೆಗಾರರು ಲಂಡನ್ನಿನಲ್ಲಿ 96 ಜನರನ್ನು 12 ವಾರ ಗಮನಿಸಿದರು. ಹೊಸ ಅಭ್ಯಾಸ ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯದ ಲೆಕ್ಕ 66 ದಿನ. ಒಬ್ಬೊಬ್ಬರಿಗೆ 18ರಿಂದ 254ರವರೆಗೆ ಅಂತ ಅಂದಾಜು.

ಅದರಲ್ಲೇ ಇನ್ನೊಂದು ಒಳ್ಳೆಯ ಸುದ್ದಿ ಇದೆ. ಮಧ್ಯದಲ್ಲಿ ಒಂದು ದಿನ ತಪ್ಪಿದರೆ ಏನೂ ಮುಳುಗಿಹೋಗುವುದಿಲ್ಲ. "ಬಿಡದೆ" ಅನ್ನುವುದನ್ನು ತೆಗೆದುಹಾಕಿ.

---

ಬಾಗಿಲು ತೆರೆದಿದೆ:

ಸರಿ ಸಾರ್. "ಬಿಡದೆ" ತೆಗೆದಿದ್ದೇನೆ 😄

---

ರಾತ್ರಿ ಪಾಳಿ:

ನಾನು ಆಸ್ಪತ್ರೆಯಲ್ಲಿ ನರ್ಸ್. ಸಂಖ್ಯೆಗಳೆಲ್ಲ ನನಗೆ ಅಷ್ಟಾಗಿ ಬರುವುದಿಲ್ಲ, ನೋಡಿದ್ದು ಹೇಳುತ್ತೇನೆ.

ವಾರ್ಡಿನಲ್ಲಿ ರೋಗಿಯ ಜೊತೆ ಇರುವವರು ಒಂದು ಕುರ್ಚಿ ಮೇಲೆ ರಾತ್ರಿಯೆಲ್ಲ ಕೂತಿರುತ್ತಾರೆ. ಬೆಳಿಗ್ಗೆ ಆದರೂ ಏಳುವುದಿಲ್ಲ. ಮುಖ ತೊಳೆಯುವುದಿಲ್ಲ, ಕೆಳಗೆ ಹೋಗುವುದಿಲ್ಲ. ಯಾಕೆ ಗೊತ್ತಾ? ತಾವು ಎದ್ದು ಹೋದ ಹೊತ್ತಿಗೇ ಡಾಕ್ಟರ್ ಬಂದುಬಿಟ್ಟರೆ ಅನ್ನುವ ಭಯ. ಡಾಕ್ಟರ್ ಎಷ್ಟು ಹೊತ್ತಿಗೆ ಬರುತ್ತಾರೆ ಅನ್ನುವುದು ನಮಗೆ ಗೊತ್ತಿರುತ್ತದೆ. ಅವರಿಗೆ ಯಾರೂ ಹೇಳಿರುವುದಿಲ್ಲ. ಕೇಳಿದರೆ ಬೈಯುತ್ತಾರೇನೋ ಅಂತ ಅವರೂ ಕೇಳುವುದಿಲ್ಲ.

ಒಂದು ಸಲ ಒಬ್ಬರು ಅಜ್ಜಿ. ಯಜಮಾನರಿಗೆ ಆಪರೇಷನ್ ಆಗಿತ್ತು. ಎರಡು ಕೈಯಲ್ಲೂ ಮಂಚದ ಕಂಬಿ ಹಿಡಿದುಕೊಂಡು ಬಾಗಿಲ ಕಡೆಯೇ ನೋಡುತ್ತಾ ಕೂತಿದ್ದರು. "ಅಮ್ಮಾ, ಡಾಕ್ಟರ್ ಒಂಬತ್ತೂವರೆ ಮೇಲೇ ಬರುವುದು. ನೀವು ಹೋಗಿ ಬನ್ನಿ, ಬಂದರೆ ನಾನೇ ಕರೆಯುತ್ತೇನೆ" ಅಂದೆ. ಕಂಬಿಯಿಂದ ಕೈ ತೆಗೆದರು. ಬೆರಳಲ್ಲಿ ಕಂಬಿಯ ಗುರುತು ಹಾಗೇ ಬಿದ್ದಿತ್ತು.

ನನ್ನ ಸಂಕಲ್ಪ ಇದೇ: ಪಾಳಿ ಬದಲಾಗುವಾಗ ಕೇಸ್ ಶೀಟ್ ಕೈಗೆ ಬಂತು ಅಂದರೆ, ಪ್ರತಿ ಮಂಚದ ಹತ್ತಿರ ಕೂತವರಿಗೂ "ಡಾಕ್ಟರ್ ಸುಮಾರು ಇಷ್ಟು ಹೊತ್ತಿಗೆ" ಅಂತ ಒಂದು ಮಾತು ಹೇಳಿ ಮುಂದೆ ಹೋಗುವುದು. ಅದಕ್ಕೆ ಹೆಚ್ಚುವರಿ ಸಮಯ ಬೇಕಾಗಿಲ್ಲ, ಹೇಗೂ ಎಲ್ಲ ಮಂಚದ ಹತ್ತಿರ ಹೋಗುತ್ತೇನಲ್ಲ. ಮೇಡಂ ಹೇಳಿದ ಹತ್ತು ನಿಮಿಷ ನಮ್ಮ ಕೆಲಸದಲ್ಲಿ ಸಿಗುವುದು ಕನಸು.

---

ಕಿಟಕಿ ಸೀಟು:

ರಾತ್ರಿ ಪಾಳಿ ಅವರೇ, ನನ್ನದಕ್ಕಿಂತ ನಿಮ್ಮದೇ ಗಟ್ಟಿ. "ಕೇಸ್ ಶೀಟ್ ಕೈಗೆ ಬಂತು ಅಂದರೆ" ಅಂದಿರಲ್ಲ, ಅದೇ ಕೀಲಿ. ಮಾಡಬೇಕು ಅನ್ನುವುದನ್ನು ನೆನಪಿಟ್ಟುಕೊಳ್ಳುವ ಕೆಲಸ ನಿಮ್ಮದಲ್ಲ, ಕೇಸ್ ಶೀಟಿನದು.

---

ಲೆಕ್ಕದ ಪುಟ:

ಇದಕ್ಕೂ ಆಧಾರ ಇದೆ. ಪೀಟರ್ ಗೋಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಇದರ ಮೇಲೇ ಕೆಲಸ ಮಾಡಿದ್ದಾರೆ. "ಹೀಗಾದಾಗ ಹೀಗೆ ಮಾಡುತ್ತೇನೆ" ಅಂತ ಸಂದರ್ಭಕ್ಕೆ ಕೆಲಸವನ್ನು ಕಟ್ಟಿಹಾಕಿದರೆ, ಬರೀ "ಮಾಡುತ್ತೇನೆ" ಅನ್ನುವುದಕ್ಕಿಂತ ಜಾಸ್ತಿ ನಡೆಯುತ್ತದೆ. ಅವರೂ ಪಾಸ್ಕಲ್ ಶೀರನ್ ಅವರೂ 2006ರಲ್ಲಿ ಇಂಥ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರಿಣಾಮ ಸಾಕಷ್ಟು ಚೆನ್ನಾಗಿಯೇ ಕಂಡಿತ್ತು.

ಅಂದ ಹಾಗೆ, ಒಳ್ಳೆಯ ಕೆಲಸಗಳನ್ನು ವಾರಕ್ಕೆ ಐದು ಅಂತ ಇಟ್ಟುಕೊಳ್ಳುವವರಿಗೂ ಒಂದು ಮಾಹಿತಿ. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞೆಯ 2005ರ ಬರಹದಲ್ಲಿ ಇದೆ: ಐದನ್ನೂ ವಾರವಿಡೀ ಹಂಚಿ ಮಾಡಿದ ವಿದ್ಯಾರ್ಥಿಗಳಿಗಿಂತ ಒಂದೇ ದಿನ ಮಾಡಿ ಮುಗಿಸಿದವರ ಖುಷಿ ಹೆಚ್ಚಿತು.

---

ರಾತ್ರಿ ಪಾಳಿ:

ಅದು ಮಾಡಿದವರ ಖುಷಿಯ ಲೆಕ್ಕ ಸಾರ್. ಮಾಡಿಸಿಕೊಂಡವರನ್ನು ಯಾರಾದರೂ ಕೇಳಿದ್ದಾರಾ?

---

ಲೆಕ್ಕದ ಪುಟ:

ಒಳ್ಳೆಯ ಪ್ರಶ್ನೆ. ಕೇಳಿದ್ದಾರೆ, ಆದರೆ ಸ್ವಲ್ಪ ತಡವಾಗಿ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಶಿಕಾಗೋದ ಐಸ್ ಸ್ಕೇಟಿಂಗ್ ಜಾಗದಲ್ಲಿ ನಡೆದದ್ದು. ಚಳಿಯಲ್ಲಿ ನಿಂತ ಅಪರಿಚಿತರಿಗೆ ಬಿಸಿ ಪಾನೀಯ ಕೊಡಿಸುವುದು, ಅಷ್ಟೇ. ಪಡೆದವರಿಗೆ ಎಷ್ಟು ಖುಷಿಯಾಗಿರಬಹುದು ಅಂತ ಕೊಟ್ಟವರನ್ನು ಕೇಳಿದರು. ನಿಜವಾಗಿ ಎಷ್ಟಾಯಿತು ಅಂತ ಪಡೆದವರನ್ನೂ ಕೇಳಿದರು. ಕೊಟ್ಟವರ ಅಂದಾಜು ಕಡಿಮೆ ಇತ್ತು. ಅವರು ವಸ್ತುವಿನ ಬೆಲೆ ಎಣಿಸುತ್ತಿದ್ದರು. ಪಡೆದವರು "ಯಾರೋ ನನ್ನನ್ನು ನೆನೆದರು" ಅನ್ನುವುದನ್ನು ಎಣಿಸುತ್ತಿದ್ದರು.

---

ಬಿಳಿ ಕೋಲು:

ಮಾಡಿಸಿಕೊಂಡವರನ್ನು ಕೇಳಿ ಅಂದಿರಲ್ಲ, ನಾನು ಹೇಳುತ್ತೇನೆ. ನನಗೆ ಕಣ್ಣು ಕಾಣುವುದಿಲ್ಲ. ಊರಲ್ಲಿ ಇರುವ ದಯೆಯೆಲ್ಲ ನನ್ನ ಮೇಲೇ ಪ್ರಯೋಗ ಆಗುತ್ತದೆ ಅಂದರೂ ತಪ್ಪಿಲ್ಲ.

ರಸ್ತೆ ಪಕ್ಕ ನಿಂತಿರುತ್ತೇನೆ. ಯಾರೋ ಬಂದು ತೋಳು ಹಿಡಿದು ದರದರ ಎಳೆದುಕೊಂಡು ಆ ಕಡೆ ದಾಟಿಸಿಬಿಡುತ್ತಾರೆ. ನಾನು ದಾಟಬೇಕು ಅಂತ ಹೇಳಿರುವುದೇ ಇಲ್ಲ. ಸ್ನೇಹಿತನಿಗೆ ಕಾಯುತ್ತಿರುತ್ತೇನೆ. ದಾಟಿಸಿದವರು ಪುಣ್ಯ ಬಂತು ಅಂತ ಹೊರಟುಹೋಗುತ್ತಾರೆ. ನಾನು ವಾಪಸ್ ದಾಟಲು ಇನ್ನೊಬ್ಬರನ್ನು ಹುಡುಕಬೇಕು.

ಕೇಳಿ ಸ್ವಾಮಿ. "ಸಹಾಯ ಬೇಕಾ?" ಅಂತ ಒಂದು ಮಾತು. ಬೇಡ ಅಂದರೆ ಬೇಡ ಅಂತಲೇ ಅರ್ಥ, ಸಂಕೋಚ ಅಲ್ಲ. ಬೇಕು ಅಂದರೆ ನನ್ನ ಕೈ ಹಿಡಿಯಬೇಡಿ, ನಿಮ್ಮ ತೋಳು ಕೊಡಿ. ಮೊಣಕೈಯ ಸ್ವಲ್ಪ ಮೇಲೆ ನಾನು ಹಿಡಿದುಕೊಳ್ಳುತ್ತೇನೆ. ಅರ್ಧ ಹೆಜ್ಜೆ ಹಿಂದೆ ಬರುತ್ತೇನೆ. ನೀವು ಇಳಿದರೆ ನಿಮ್ಮ ತೋಳಿನಿಂದಲೇ ನನಗೆ ಗೊತ್ತಾಗುತ್ತದೆ. ಕೋಲು ಹಿಡಿದ ಕೈಯನ್ನಂತೂ ಮುಟ್ಟಲೇಬೇಡಿ. ಹೊರಡುವಾಗ "ನಾನು ಹೊರಟೆ" ಅಂತ ಹೇಳಿ. ಇಲ್ಲದಿದ್ದರೆ ನಾನು ಗಾಳಿಯ ಜೊತೆ ಮಾತಾಡುತ್ತಾ ನಿಂತಿರುತ್ತೇನೆ. ಸುತ್ತ ಇದ್ದವರಿಗೆ ಒಳ್ಳೆಯ ಮನರಂಜನೆ.

ಹೊಸ ವರ್ಷಕ್ಕೆ ಸಂಬಂಧಪಟ್ಟದ್ದು ಇನ್ನೊಂದು. ಜನವರಿ 1ರಂದು ನನ್ನ ಫೋನಿಗೆ ರಾಶಿ ಶುಭಾಶಯ ಬರುತ್ತವೆ. ನನ್ನ ಫೋನ್ ಅದನ್ನು ಓದಿ ಹೇಳುವುದು ಹೀಗೆ: "ಚಿತ್ರ. ಚಿತ್ರ. ಚಿತ್ರ. ವಿಡಿಯೊ. ಚಿತ್ರ." ಹೂವೋ ದೀಪವೋ, ಒಳಗೆ ಏನು ಬರೆದಿದೆಯೋ ಹೆಚ್ಚಿನ ಸಲ ಗೊತ್ತೇ ಆಗುವುದಿಲ್ಲ. ಚಿತ್ರ ಕಳಿಸಿ, ಬೇಡ ಅನ್ನುವುದಿಲ್ಲ. ಅದರ ಕೆಳಗೆ ಎರಡು ಸಾಲು ಟೈಪ್ ಮಾಡಿ. ನನ್ನ ಹೆಸರು ಹಾಕಿ ಬರೆದರೆ ಇನ್ನೂ ಸಂತೋಷ.

---

ಇಳಿಜಾರು:

ಇದು ಕೆಲಸಕ್ಕೆ ಬರುವ ಮಾತು. ತಕರಾರು ಇಲ್ಲ.

---

ಹಳೆ ಪೆನ್ಸಿಲ್:

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಮಾತ್ರ ಓದುತ್ತಾ ಓದುತ್ತಾ ಸುಸ್ತಾಯಿತು. ಕೋಪ ಮಾಡಿಕೊಳ್ಳಬೇಡಿ.

ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಮಗ್ಗುಲು ಬದಲಿಸುವುದು, ಔಷಧಿ, ಬಟ್ಟೆ, ಎಲ್ಲ ನಾನೇ. ಅವರೂ ಒಳ್ಳೆಯವರು, ನನಗೂ ಬೇಸರ ಇಲ್ಲ. ಆದರೆ ಮೂರು ಹೊತ್ತೂ ಇನ್ನೊಬ್ಬರಿಗಾಗಿ ಬದುಕುವವರಿಗೆ "ಈ ವರ್ಷ ಇನ್ನೂ ಸ್ವಲ್ಪ ಒಳ್ಳೆಯದು ಮಾಡಿ" ಅಂದರೆ ಹೇಗಾಗುತ್ತದೆ? ಬಂದವರೆಲ್ಲ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ "ಏನಾದರೂ ಬೇಕಿದ್ದರೆ ಹೇಳಮ್ಮ" ಅನ್ನುತ್ತಾರೆ. ಯಾರಿಗೆ ಹೇಳಲಿ, ಏನಂತ ಹೇಳಲಿ? ಏನು ಬೇಕು ಅಂತ ಯೋಚಿಸಿ, ಅದನ್ನು ಯಾರು ಮಾಡಬಲ್ಲರು ಅಂತ ಲೆಕ್ಕ ಹಾಕಿ, ಅವರಿಗೆ ಫೋನ್ ಮಾಡಿ ಕೇಳುವುದೂ ನನಗೆ ಇನ್ನೊಂದು ಕೆಲಸವೇ.

---

ಕಿಟಕಿ ಸೀಟು:

ಪೆನ್ಸಿಲ್ ಅಕ್ಕಾ, ಕೋಪ ಯಾಕೆ. ಈ ಮಾತು ಬರಲೇಬೇಕಿತ್ತು. ನಿಮ್ಮ ಮೇಲೆ ಇನ್ನೂ ಒಂದು ಸಂಕಲ್ಪ ಹೇರಲು ಯಾರಿಗೂ ಹಕ್ಕಿಲ್ಲ. ಈ ವರ್ಷ ನೀವು ಪಡೆಯುವ ಕಡೆ ಇರಬೇಕಾದವರು.

ಬೇರೆಯವರಿಗೆ ಹೇಳುತ್ತೇನೆ, ಇಂಥ ಮನೆ ನಮ್ಮೆಲ್ಲರ ಸುತ್ತಲೂ ಇರುತ್ತದೆ. "ಏನಾದರೂ ಬೇಕಿದ್ದರೆ ಹೇಳಿ" ಅನ್ನುವ ಮಾತನ್ನು ಈ ವರ್ಷ ನಿಲ್ಲಿಸೋಣ. ದಿನ, ಹೊತ್ತು, ಕೆಲಸ ಮೂರನ್ನೂ ನಾವೇ ಹೇಳೋಣ. "ಭಾನುವಾರ ಸಂಜೆ ನಾಲ್ಕರಿಂದ ಆರು ನಾನು ಅತ್ತೆಯವರ ಹತ್ತಿರ ಕೂತಿರುತ್ತೇನೆ. ನೀವು ಹೊರಗೆ ಹೋಗಿ, ಇಲ್ಲ ಬಾಗಿಲು ಹಾಕಿಕೊಂಡು ಮಲಗಿ. ಬರಲಾ?" ಇದಕ್ಕೆ ಹೂಂ ಅಥವಾ ಬೇಡ ಅಂದರೆ ಮುಗಿಯಿತು. ಅವರು ಯೋಚಿಸುವಂತಿಲ್ಲ.

ಲೆಕ್ಕದ ಪುಟ ಅವರು "ಮಾಡುತ್ತೇನೆ" ಅನ್ನಿ ಅಂದರಲ್ಲ, ಇಲ್ಲೂ ಅದೇ.

---

ರಾತ್ರಿ ಪಾಳಿ:

ಅಕ್ಕಾ, ಒಂದು ಸೇರಿಸುತ್ತೇನೆ. ಹಾಗೆ ಬಂದು ಕೂರುವವರಿಗೆ ಮಗ್ಗುಲು ಹೇಗೆ ಬದಲಿಸುವುದು ಅಂತ ಒಂದು ಸಲ ತೋರಿಸಿಕೊಡಿ. ಭಯಕ್ಕೆ ಎಷ್ಟೋ ಜನ ಹತ್ತಿರ ಬರುವುದಿಲ್ಲ. ಔಷಧಿಯ ಹೊತ್ತನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ. ಅಷ್ಟಾದರೆ ಇನ್ನೊಬ್ಬರು ಎರಡು ಗಂಟೆ ಧೈರ್ಯವಾಗಿ ನೋಡಿಕೊಳ್ಳುತ್ತಾರೆ. ನಿಮ್ಮ ಬೆನ್ನೂ ನೋಡಿಕೊಳ್ಳಿ. ಸೊಂಟ ಬಗ್ಗಿಸಿ ಎತ್ತಬೇಡಿ, ಮಂಡಿ ಬಗ್ಗಿಸಿ.

---

ಹಳೆ ಪೆನ್ಸಿಲ್:

ಹಾಳೆ ಬರೆಯುತ್ತೇನೆ. ನಾದಿನಿಗೆ "ಭಾನುವಾರ ನಾಲ್ಕರಿಂದ ಆರು" ಅಂತಲೇ ಕೇಳುತ್ತೇನೆ. ಅವಳು "ಹೇಳು" ಅಂತ ಎಷ್ಟೋ ಸಲ ಅಂದಿದ್ದಾಳೆ, ನೋಡೋಣ.

---

ಮೂರನೇ ಮಹಡಿ:

ನನ್ನದು ಬೇರೆ ಥರದ್ದು. ಕಾಲೇಜಿನ ಗೆಳೆಯ ಒಬ್ಬ. ಜಗಳ ಏನೂ ಆಗಿಲ್ಲ. ಅವನು ಒಂದು ಕಡೆ, ನಾನು ಒಂದು ಕಡೆ, ಮಾತು ನಿಂತುಹೋಯಿತು. ವರ್ಷಗಳೇ ಆದವು. ಹೊಸ ವರ್ಷದ ನೆಪದಲ್ಲಿ ಬರೆಯೋಣ ಅನ್ನಿಸುತ್ತದೆ. ಇಷ್ಟು ದಿನ ಇಲ್ಲದವನು ಈಗ್ಯಾಕೆ, ಏನೋ ಕೆಲಸ ಆಗಬೇಕಾಗಿರಬೇಕು ಅಂದುಕೊಂಡರೆ ಅಂತ ಅಳುಕು. ಹೀಗೆ ಬರೆದಿಟ್ಟುಕೊಂಡಿದ್ದೇನೆ, ಕಳಿಸಿಲ್ಲ:

"ಹೊಸ ವರ್ಷದ ಶುಭಾಶಯ ಕಣೋ. ನೀನಂತೂ ನನ್ನನ್ನು ಮರೆತೇಬಿಟ್ಟೆ. ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ? ಸಿಗಬೇಕು ಒಮ್ಮೆ. ಬಿಡುವಾದಾಗ ಫೋನ್ ಮಾಡು."

---

ಲೆಕ್ಕದ ಪುಟ:

ಅಳುಕು ಎಲ್ಲರಿಗೂ ಇರುತ್ತದೆ. ಪೆಗ್ಗಿ ಲಿಯು ಮತ್ತು ಜೊತೆಗಾರರು 2022ರಲ್ಲಿ ಇದನ್ನೇ ಪರೀಕ್ಷಿಸಿದರು. 13 ಪ್ರಯೋಗ, 5,900ಕ್ಕೂ ಹೆಚ್ಚು ಜನ. ಸುಮ್ನೆ ನೆನಪಾಯಿತು ಅಂತ ಬರೆದವರು ಅಂದುಕೊಂಡದ್ದಕ್ಕಿಂತ ಬರೆಸಿಕೊಂಡವರಿಗೆ ಜಾಸ್ತಿ ಸಂತೋಷವಾಗಿತ್ತು. ಅದರಲ್ಲೂ ನಿರೀಕ್ಷೆಯೇ ಇಲ್ಲದಾಗ ಬಂದರೆ ಇನ್ನೂ ಹೆಚ್ಚು. ವರ್ಷಗಳೇ ಆದವು ಅನ್ನುವುದು ನಿಮಗೆ ಅಡ್ಡಿ ಅಲ್ಲ, ಅನುಕೂಲ.

---

ಬಿಳಿ ಕೋಲು:

ಕಳಿಸಿ, ಆದರೆ ಇದನ್ನಲ್ಲ! "ಮರೆತೇಬಿಟ್ಟೆ" ತೆಗೆಯಿರಿ. ಓದಿದ ಕೂಡಲೇ ಅವನು ಕಟಕಟೆಯಲ್ಲಿ ನಿಂತಂತೆ ಆಗುತ್ತಾನೆ. "ಫೋನ್ ಮಾಡು" ಕೂಡ ತೆಗೆಯಿರಿ, ಅದು ಅವನಿಗೆ ಕೆಲಸ ಹಚ್ಚಿದಂತೆ. ಒಂದು ನಿಜವಾದ ನೆನಪು ಹಾಕಿ. ನಿಮಗಿಬ್ಬರಿಗೆ ಮಾತ್ರ ಗೊತ್ತಿರುವಂಥದ್ದು.

---

ಮೂರನೇ ಮಹಡಿ:

ಹೀಗಾದರೆ?

"ಇವತ್ತು ಹಳೆಯ ನೋಟ್‌ಬುಕ್ ಸಿಕ್ಕಿತು. ಕೊನೆಯ ಪುಟದಲ್ಲಿ ನೀನು ಬರೆದ ಮೇಷ್ಟ್ರ ಕಾರ್ಟೂನ್ ಇನ್ನೂ ಇದೆ, ಮೂಗು ಸಮೇತ. ನೆನಪಾಗಿ ಬರೆದೆ. ಏನೂ ಕೆಲಸ ಇಟ್ಟುಕೊಂಡು ಬರೆದದ್ದಲ್ಲ. ಉತ್ತರ ಬರೆಯಲು ಆಗದಿದ್ದರೂ ಪರವಾಗಿಲ್ಲ. ಚೆನ್ನಾಗಿರು."

---

ಬಿಳಿ ಕೋಲು:

ಮೂಗು ಸಮೇತ 😄 ಇದನ್ನೇ ಕಳಿಸಿ. ಒಂದಕ್ಷರ ಮುಟ್ಟಬೇಡಿ.

---

ಬಾಗಿಲು ತೆರೆದಿದೆ:

ನನಗೆ ಒಂದು ಸಂಶಯ. ಒಳ್ಳೆಯ ಕೆಲಸ ಮಾಡಿ ಅದನ್ನು ನಾಲ್ಕು ಜನಕ್ಕೆ ಹೇಳಬೇಕಾ, ಬೇಡವಾ? ನೋಡಿ ಬೇರೆಯವರೂ ಕಲಿಯುತ್ತಾರೆ ಅಂತ ಕೆಲವರು ವಿಡಿಯೊ ಹಾಕುತ್ತಾರಲ್ಲ.

---

ಇಳಿಜಾರು:

ಬೇಡ. ವಿಡಿಯೊದಲ್ಲಿ ಹಳೆ ಬಟ್ಟೆ ತೆಗೆದುಕೊಳ್ಳುವವನ ಮುಖ ನೋಡಿದ್ದೀರಾ? ಅವನಿಗೆ ಕ್ಯಾಮೆರಾ ಕಡೆ ನೋಡಬೇಕೋ ಬಟ್ಟೆ ಕಡೆ ನೋಡಬೇಕೋ ಗೊತ್ತಾಗುತ್ತಿರುವುದಿಲ್ಲ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಇಟ್ಟಿದ್ದಾನೆ. ಎಲ್ಲಕ್ಕಿಂತ ಮೇಲಿನದು, ಒಬ್ಬ ಮನುಷ್ಯ ತನ್ನ ಕಾಲ ಮೇಲೆ ನಿಲ್ಲುವಂತೆ ಸಾಲವನ್ನೋ ಕೆಲಸವನ್ನೋ ಕೊಡುವುದು. ಅದರ ಕೆಳಗಿನದು, ಕೊಟ್ಟವನು ಯಾರು ಅಂತ ಪಡೆದವನಿಗೆ ಗೊತ್ತಿಲ್ಲ, ಪಡೆದವನು ಯಾರು ಅಂತ ಕೊಟ್ಟವನಿಗೂ ಗೊತ್ತಿಲ್ಲ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಮುಖ ಗಂಟು ಹಾಕಿಕೊಂಡು ಕೊಡುವವನಿದ್ದಾನೆ. ಕ್ಯಾಮೆರಾ ಇಟ್ಟುಕೊಂಡು ಕೊಡುವವನಿಗೆ ಮೈಮೊನಿಡೀಸ್ ಮೆಟ್ಟಿಲು ಕಟ್ಟಿಲ್ಲ. ಆಗ ಕ್ಯಾಮೆರಾ ಇರಲಿಲ್ಲ, ಪುಣ್ಯ.

---

ರಾತ್ರಿ ಪಾಳಿ:

ಪೂರ್ತಿ ಬೇಡ ಅನ್ನಬೇಡಿ ಇಳಿಜಾರು ಅವರೇ. ರಕ್ತ ಬೇಕಾದಾಗ "ನಾನು ಕೊಟ್ಟೆ, ಏನೂ ಆಗಲಿಲ್ಲ, ನೀವೂ ಬನ್ನಿ" ಅಂತ ಒಬ್ಬರು ಹೇಳಿದರೆ ಇನ್ನೊಬ್ಬರ ಭಯ ಹೋಗುತ್ತದೆ. ಅಲ್ಲಿ ಹೇಳಲೇಬೇಕು. ಪಡೆದವರ ಮುಖವನ್ನು, ಹೆಸರನ್ನು ಹಾಕುವುದು ಮಾತ್ರ ಬೇಡ.

---

ಇಳಿಜಾರು:

ಅಷ್ಟಕ್ಕೆ ಒಪ್ಪಿದೆ.

ಎಲ್ಲರೂ ಕೇಳುವ ಮೊದಲೇ ನನ್ನದನ್ನೂ ಹೇಳಿಬಿಡುತ್ತೇನೆ. ಸಭೆಯಲ್ಲಿ ಹೊಸಬರು ಯಾರಾದರೂ ಮಾತು ಶುರು ಮಾಡಿ, ನಡುವೆ ಇನ್ನೊಬ್ಬರು ಬಾಯಿ ಹಾಕಿದರೆ, "ಅವರು ಏನೋ ಹೇಳುತ್ತಿದ್ದರು, ಮುಗಿಸಲಿ" ಅನ್ನುತ್ತೇನೆ. ತಕರಾರು ಮಾಡುವುದು ಹೇಗೂ ನನಗೆ ಬರುತ್ತದೆ, ಅದಕ್ಕೊಂದು ಉಪಯೋಗ. ಜನವರಿ 1ರಿಂದ ಅಲ್ಲ, ಈ ವಾರದಿಂದಲೇ.

---

ಮೂರನೇ ಮಹಡಿ:

ಕಿಟಕಿ ಸೀಟು ಅವರೇ, ನಿಮ್ಮ ಹತ್ತು ನಿಮಿಷಕ್ಕೆ ವಾಪಸ್ ಬರುತ್ತೇನೆ. ಮನೆಯಿಂದ ಬೇಗ ಹೊರಡುವುದು ನಮ್ಮ ಕೈಯಲ್ಲಿದೆ, ಒಪ್ಪಿದೆ. ಆದರೆ ಆಫೀಸಿನಲ್ಲಿ ಹತ್ತಕ್ಕೆ ಒಂದು ಸಭೆ, ಹನ್ನೊಂದಕ್ಕೆ ಇನ್ನೊಂದು. ಹತ್ತರದ್ದು ಮುಗಿಯುವುದೇ ಹನ್ನೊಂದೂ ಐದಕ್ಕೆ. ಕಾರಿಡಾರಿನಲ್ಲಿ ಯಾರಾದರೂ ಅಳುತ್ತಾ ನಿಂತಿದ್ದರೂ ನಾನು ನಿಮ್ಮ ಪ್ರಿನ್ಸ್‌ಟನ್ ಹುಡುಗರ ಥರ ದಾಟಿಕೊಂಡೇ ಹೋಗುವವನು. ಆ ಹತ್ತು ನಿಮಿಷ ಎಲ್ಲಿಂದ ತರಲಿ?

---

ಲೆಕ್ಕದ ಪುಟ:

ಸಭೆ ಕರೆಯುವವರು ಕೊಡಬೇಕು. ಕ್ಯಾಲೆಂಡರಿನಲ್ಲಿ ಒಂದು ಗಂಟೆ ಅಂತ ತಾನಾಗಿ ಬಂದಿರುತ್ತದೆ, ಯಾರೂ ಬದಲಿಸುವುದಿಲ್ಲ. 50 ನಿಮಿಷ ಅಂತ ಹಾಕಿ. ಅರ್ಧ ಗಂಟೆಯದಾದರೆ 25. ಒಬ್ಬರ ಸಂಕಲ್ಪದಿಂದ ಹತ್ತಿಪ್ಪತ್ತು ಜನಕ್ಕೆ ಬಿಡುವು ಸಿಗುತ್ತದೆ. ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಬಂದವುಗಳಲ್ಲಿ ಅತಿ ಕಡಿಮೆ ಶ್ರಮದ್ದು ಇದೇ ಇರಬೇಕು.

---

ಕಿಟಕಿ ಸೀಟು:

ಇದು ನನಗೆ ಹೊಳೆದಿರಲಿಲ್ಲ. ನಾನು ಬೇಗ ಹೊರಡುವುದರ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ, ಬೇರೆಯವರ ಹೊತ್ತು ನನ್ನ ಕೈಯಲ್ಲೂ ಇದೆ ಅಂತ ಅಲ್ಲ. ಸೋಮವಾರದ ಸಭೆ ಕರೆಯುವವಳು ನಾನೇ. ಹದಿನಾಲ್ಕು ಜನ ಬರುತ್ತಾರೆ. ಹತ್ತರಿಂದ ಹತ್ತು ಐವತ್ತು ಅಂತ ಈಗಲೇ ಬದಲಿಸಿ ಕಳಿಸುತ್ತೇನೆ.

---

ಮೂರನೇ ಮಹಡಿ:

ನಮ್ಮ ಮ್ಯಾನೇಜರಿಗೂ ಯಾರಾದರೂ ಇದನ್ನು ತೋರಿಸಿ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.